ಕೊಟ್ಟಿಗೆಹಾರದ ಗಡಿ: ಕೂಲಿಯ ವಲಸೆ ಮತ್ತು ಪೊಲೀಸ್ ಠಾಣೆ

ಚಾರ್ಮಾಡಿ ಘಾಟಿ ಹತ್ತಿ ಬಂದ ರಸ್ತೆ ಮೂಡಿಗೆರೆಗೂ ಕಳಸ-ಹೊರನಾಡಿಗೂ ಕವಲೊಡೆಯುವ ಕೊಟ್ಟಿಗೆಹಾರ 1956ರ ನವೆಂಬರ್ 1ರ ತನಕ ಗಡಿಯೂರು. ಘಾಟಿಯ ಕೆಳಗಿನ ದಕ್ಷಿಣ ಕನ್ನಡ ಮದ್ರಾಸಿನದು; ಹಿಂದೆ ಕಡೂರು ಜಿಲ್ಲೆ ಎನಿಸಿದ್ದ ಮೇಲಿನ ಸೀಮೆ ಮೈಸೂರಿನದು. ಕರಾವಳಿಯ ಬೇಸಾಯಕ್ಕೆ ಬಿಡುವು ಸಿಕ್ಕಾಗ ಕೂಲಿಗಳ ತಂಡಗಳು ಮೇಸ್ತ್ರಿಯ ಹಿಂದೆ ಘಟ್ಟ ಹತ್ತಿ ಕಾಫಿ ತೋಟ ಸೇರುತ್ತಿದ್ದವು. ಅವರನ್ನು ತೋಟಕ್ಕೆ ಕಟ್ಟಿಹಾಕುತ್ತಿದ್ದದ್ದು ಮೇಸ್ತ್ರಿಯ ಕೈಯಿಂದ ಪಡೆದ ಮುಂಗಡ.

ಆ ಮುಂಗಡದ ಬೆನ್ನಿಗೆ ಕಾನೂನಿನ ಬಲವಿತ್ತು. ಕರಾರು ಮುರಿದ ಕೆಲಸಗಾರರನ್ನು ಶಿಕ್ಷಿಸಲು ಬ್ರಿಟಿಷ್ ಸರ್ಕಾರ 1859ರಲ್ಲಿ ಹದಿಮೂರನೆಯ ಕಾಯ್ದೆ ತಂದಿತು. ಮುಂಗಡ ಪಡೆದವನು ಕೆಲಸಕ್ಕೆ ಬಾರದಿದ್ದರೆ ಧಣಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೇ ದುಡಿದು ತೀರಿಸು ಎಂದು ಆಜ್ಞೆಯಾಗುತ್ತಿತ್ತು. ಅದನ್ನೂ ಮೀರಿದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೂಲಿ ಕೊಡದ ಧಣಿಗೆ ಇದರಲ್ಲಿ ಯಾವ ಶಿಕ್ಷೆಯೂ ಇರಲಿಲ್ಲ. ಮೂಲದಲ್ಲಿ ಕಲ್ಕತ್ತ, ಮದ್ರಾಸು, ಬೊಂಬಾಯಿ ಪಟ್ಟಣಗಳಿಗೆಂದು ಮಾಡಿದ ಈ ಕಾಯ್ದೆಯನ್ನು ದಕ್ಷಿಣದ ಪ್ಲಾಂಟರುಗಳು ಗಟ್ಟಿಯಾಗಿ ನೆಚ್ಚಿಕೊಂಡರು. 1893ರಲ್ಲಿ ಹುಟ್ಟಿದ ಅವರ ಸಂಘ ಉಪಾಸಿಗೂ ಕೂಲಿಯ ಪ್ರಶ್ನೆಯೇ ದೊಡ್ಡ ಚಿಂತೆ. ಸಾಲ ತೀರದೆ ಊರಿಗೆ ಮರಳಿದ ಬಡವನನ್ನು ಅಪರಾಧಿಯಾಗಿಸಿದ ಈ ಕಾಯ್ದೆ ಬ್ರಿಟಿಷ್ ಭಾರತದಲ್ಲಿ ರದ್ದಾದದ್ದು 1925ರ ಶಾಸನದಿಂದ. ಅಷ್ಟು ಹೊತ್ತಿಗೆ ಆರು ದಶಕಗಳೇ ಕಳೆದಿದ್ದವು.

ಸ್ವಾತಂತ್ರ್ಯದ ನಂತರ ದಿಕ್ಕು ಬದಲಾಯಿತು. 1951ರ ತೋಟ ಕಾರ್ಮಿಕರ ಕಾಯ್ದೆ ಲೈನ್ ಮನೆ, ಕುಡಿಯುವ ನೀರು, ಔಷಧೋಪಚಾರ, ಶಿಶುವಿಹಾರಗಳನ್ನು ಮಾಲೀಕರ ಹೊಣೆಯಾಗಿಸಿ, ತಪಾಸಣೆಯನ್ನು ಇನ್‌ಸ್ಪೆಕ್ಟರುಗಳಿಗೆ ವಹಿಸಿತು. ಹೊರ ರಾಜ್ಯದಿಂದ ಬಂದವರಿಗಾಗಿ 1979ರಲ್ಲಿ ಇನ್ನೊಂದು ಕಾಯ್ದೆ ಬಂತು. ಅದರ ಪ್ರಕಾರ ಗುತ್ತಿಗೆದಾರ ಪ್ರತಿ ಕಾರ್ಮಿಕನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು. ಕೆಲಸದ ಸ್ಥಳ, ಅವಧಿ, ಕೂಲಿಯ ದರ, ಸ್ಥಳಾಂತರ ಭತ್ಯೆ, ಊರಿಗೆ ಮರಳುವ ಖರ್ಚು ಎಲ್ಲವೂ ಅದರಲ್ಲಿ ಬರೆದಿರಬೇಕಿತ್ತು. ವಲಸೆ ಬಂದವನಿಗೆ ಸಲ್ಲಬೇಕಾದದ್ದೇನು ಎಂಬುದನ್ನು ಅವನ ಕೈಯಲ್ಲೇ ಇರಿಸುವ ಇಂಥ ದಾಖಲೆ ಕಾಫಿ ನಾಡಿನ ಹಳೆಯ ವ್ಯವಸ್ಥೆಗೆ ಕಲ್ಪನೆಗೂ ನಿಲುಕದ್ದು. ಈ ಎರಡೂ ಕಾಯ್ದೆಗಳು 2020ರ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಗಿವೆ.

ವಿದೇಶೀಯರ ವಿಷಯದಲ್ಲಿ ಮಾತ್ರ ಪೊಲೀಸರ ಹಿಡಿತ ಸಡಿಲಲಿಲ್ಲ. 1939ರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶೀಯರ ಕಾಯ್ದೆ ಯುದ್ಧಕಾಲದ ಶಂಕೆಯ ಕೂಸುಗಳು; ತಾನು ವಿದೇಶೀಯನಲ್ಲವೆಂದು ರುಜುವಾತು ಮಾಡುವ ಭಾರವನ್ನು ಎರಡನೆಯದು ಆಪಾದಿತನ ಮೇಲೆಯೇ ಹೊರಿಸಿತು. ಕೇಂದ್ರ ಗೃಹ ಇಲಾಖೆಯಡಿ 1971ರಲ್ಲಿ ವಲಸೆ ಬ್ಯೂರೊ ರೂಪುಗೊಂಡು ದೊಡ್ಡ ನಗರಗಳ ಕೆಲಸ ವಹಿಸಿಕೊಂಡರೂ ಜಿಲ್ಲೆಗಳಲ್ಲಿ ನೋಂದಣಾಧಿಕಾರಿಯಾಗಿ ಉಳಿದವರು ಪೊಲೀಸ್ ಸೂಪರಿಂಟೆಂಡೆಂಟರೇ. ಮೂಡಿಗೆರೆಯ ಹೋಂಸ್ಟೇಯಲ್ಲಿ ವಿದೇಶೀಯ ಅತಿಥಿ ತಂಗಿದರೆ ‘ಸಿ’ ನಮೂನೆ ಸಲ್ಲುತ್ತಿದ್ದದ್ದೂ ಆ ಅಧಿಕಾರಿಗೇ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯ್ದೆ ಹಳೆಯ ನಾಲ್ಕು ಕಾಯ್ದೆಗಳನ್ನು ರದ್ದುಪಡಿಸಿ ಬ್ಯೂರೊಗೆ ಶಾಸನದ ಬುನಾದಿ ಕೊಟ್ಟಿತು. ಆದರೆ ವಾರಂಟಿಲ್ಲದೆ ಬಂಧಿಸುವ ಅಧಿಕಾರವನ್ನು ಹೆಡ್ ಕಾನ್‌ಸ್ಟೆಬಲ್ ಮಟ್ಟದವರೆಗೂ ಇಳಿಸಿತು. ರುಜುವಾತಿನ ಭಾರವೂ ಇದ್ದಲ್ಲೇ ಉಳಿಯಿತು. ದುಡಿಯಲು ಹೊರದೇಶಕ್ಕೆ ಹೋಗುವ ಭಾರತೀಯನಿಗೆ 1983ರ ಕಾಯ್ದೆಯಡಿ ವಲಸಿಗರ ರಕ್ಷಣಾಧಿಕಾರಿಯಿದ್ದಾನೆ. ಒಳಬರುವವನಿಗೆ ಅಂಥ ಅಧಿಕಾರಿ ಇಲ್ಲ.

ಇದು ಈ ದೇಶದ್ದಷ್ಟೇ ಕತೆಯಲ್ಲ. ಅಮೆರಿಕದಲ್ಲಿ ವಲಸೆಯ ಆಡಳಿತ 1913ರಿಂದ ಕಾರ್ಮಿಕ ಇಲಾಖೆಯಲ್ಲಿತ್ತು. 1940ರಲ್ಲಿ ಯುದ್ಧದ ಭೀತಿ ಅದನ್ನು ನ್ಯಾಯ ಇಲಾಖೆಗೆ ಒಯ್ದಿತು. 2003ರಲ್ಲಿ ಅದು ಆಂತರಿಕ ಭದ್ರತೆಯ ಇಲಾಖೆ ಸೇರಿತು. ಒಮ್ಮೆ ಭದ್ರತೆಯ ಕೈಗೆ ಹೋದ ವಲಸೆ ದುಡಿಮೆಯ ಇಲಾಖೆಗೆ ಮರಳಲೇ ಇಲ್ಲ.

ಇಂದು ಕಾಫಿ ಕೊಯ್ಲಿಗೆ ಘಟ್ಟದ ಕೆಳಗಿನವರು ಸಾಲುವುದಿಲ್ಲ. ಲೈನ್ ಮನೆಗಳಲ್ಲಿ ಅಸ್ಸಾಮಿನ ಕುಟುಂಬಗಳು ನೆಲೆಸಿವೆ. ಅವರಲ್ಲಿ ಬಾಂಗ್ಲಾದೇಶದವರಿದ್ದಾರೆಂಬ ಗುಮಾನಿ ಎದ್ದಾಗಲೆಲ್ಲ ಆಧಾರ್ ಜೆರಾಕ್ಸ್‌ಗಳನ್ನು ಠಾಣೆಗೆ ಒಪ್ಪಿಸುವಂತೆ ತೋಟದವರಿಗೆ ಸೂಚನೆ ಹೋಗುತ್ತದೆ. ಆ ಜೆರಾಕ್ಸು ಹೇಳುವುದು ಆಳು ಯಾರು ಎಂಬುದನ್ನಷ್ಟೇ. ಅವನಿಗೆ ಕೂಲಿ ಎಷ್ಟು ಬರಬೇಕು, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಸಂವಿಧಾನದ 19ನೇ ವಿಧಿಯಂತೆ ದೇಶದೊಳಗೆ ಎಲ್ಲಿಗೂ ಹೋಗಿ ನೆಲೆಸುವ ಹಕ್ಕುಳ್ಳ ಪ್ರಜೆಯನ್ನೂ ಗಡಿ ನುಸುಳಿದವನನ್ನೂ ಒಂದೇ ಜರಡಿಗೆ ಹಾಕುವುದು ಅನ್ಯಾಯ. ಅಪರಾಧ ನಡೆದಲ್ಲಿ ಪೊಲೀಸರು ಬರಲಿ. ಯಾರು ಬಂದರು, ಎಲ್ಲಿ ದುಡಿಯುತ್ತಿದ್ದಾರೆ, ಅವರಿಗೆ ಏನು ಸಲ್ಲಬೇಕು ಎಂಬ ಲೆಕ್ಕ ಇರಬೇಕಾದದ್ದು ಕಾರ್ಮಿಕ ಇಲಾಖೆಯಲ್ಲಿ.