ಒಂದು ವರ್ಷ, ಎರಡು ಹೆಸರು

ನಮ್ಮ ಕಡೆ 1948ನೇ ಇಸವಿಗೆ ಎರಡು ಹೆಸರು. ಹಿಂದೂಗಳ ಮನೆಯಲ್ಲಿ ಕೇಳಿದರೆ ಅದು 'ರಜಾಕಾರರ ಹಾವಳಿ'. ಮುಸ್ಲಿಮರ ಮನೆಯಲ್ಲಿ 'ಪೊಲೀಸ್ ಆಕ್ಷನ್'. ಆಗಿನ ಗುಲಬರ್ಗಾ, ಈಗಿನ ಕಲಬುರಗಿ ಜಿಲ್ಲೆಯ ಜೋಳ-ತೊಗರಿ ಬೆಳೆಯುವ ಸಣ್ಣ ಊರೊಂದರಲ್ಲಿ ಬೆಳೆದ ನಮಗೆ ಮೊದಲನೆಯ ಹೆಸರು ಶಾಲೆಯಲ್ಲಿ ಸಿಕ್ಕಿತು. ಎರಡನೆಯದು ಮನೆಯಲ್ಲಿ ಸಿಗಬೇಕಿತ್ತು. ಸಿಗಲಿಲ್ಲ.

ಏಳನೆಯ ತರಗತಿಯವರೆಗೆ ಉರ್ದುವಿನಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಸೇರಿದ್ದೆವು. ಬಾಬರಿ ಮಸೀದಿ ಕೆಡವಿದ ಮರುತಿಂಗಳು, 1993ರ ಜನವರಿ. ಕಬಡ್ಡಿಯಲ್ಲಿ ಸೋತ ಗೌಡರ ಮನೆಯ ಹುಡುಗ, "ಏ ರಜಾಕಾರ, ನಿಮ್ಮ ಮುತ್ಯಾ ನಮ್ಮ ಬಣವಿ ಸುಟ್ಟಾನ" ಎಂದ. ಹೊಡೆದಾಟವಾಯಿತು. ಮಾಸ್ತರರು ಇಬ್ಬರಿಗೂ ಛಡಿ ಏಟು ಕೊಟ್ಟರು. ಆದರೆ "ಇನ್ನೂ ನಿಮ್ಮ ಸೊಕ್ಕು ಇಳಿದಿಲ್ಲೇನು?" ಎಂದು ಕೇಳಿದ್ದು ನಮ್ಮೊಬ್ಬರನ್ನೇ. ಛಡಿಯ ಉರಿ ಸಂಜೆಗೆ ಹೋಯಿತು, ಆ 'ನಿಮ್ಮ' ಎಂಬ ಮಾತು ಹೋಗಲಿಲ್ಲ.

ಮನೆಗೆ ಬಂದು ಹೇಳಿದಾಗ ಅಬ್ಬಾ ಎತ್ತಿನ ಹಗ್ಗ ಹೊಸೆಯುತ್ತಿದ್ದರು. ಸುಳ್ಳು ಎಂದು ಅವರು ಸಿಟ್ಟಾಗಬಹುದೆಂದು ಕಾದೆವು. "ಉಸ್ಕೆ ಸಾತ್ ನಕ್ಕೊ ಖೇಲ್" - ಅವನ ಸಂಗಡ ಆಡಬೇಡ - ಎಂದಷ್ಟೇ ಹೇಳಿ ಹೊಸೆಯುವುದನ್ನು ಮುಂದುವರಿಸಿದರು. ಒಳಗೆ ದಾದಿ ರೊಟ್ಟಿ ಬಡಿಯುವುದು ನಿಂತಿತ್ತು.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಆಡುವ ಜನರೇ ಹೆಚ್ಚು. ಕಚೇರಿಯ ಭಾಷೆ ಮಾತ್ರ ಉರ್ದು. ಮುಸ್ಲಿಮರು ನೂರಕ್ಕೆ ಸುಮಾರು 13. 1947ರ ಆಗಸ್ಟಿನಲ್ಲಿ ನಿಜಾಮರು ಭಾರತಕ್ಕೆ ಸೇರಲು ಒಪ್ಪಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ಇಳಿದು ಸುಲಿಗೆ ಮಾಡಿದರು, ಬೆಂಕಿಯಿಟ್ಟರು, ಕೊಂದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಅವರು ನಡೆಸಿದ ಹತ್ಯಾಕಾಂಡವನ್ನು ಅಲ್ಲಿಯ ಜನ ಇಂದಿಗೂ ಮರೆತಿಲ್ಲ. ಇದನ್ನು ಮುಚ್ಚಿಟ್ಟುಕೊಂಡು ಮುಂದಿನ ಮಾತು ಆಡುವ ಹಕ್ಕು ನಮಗಿಲ್ಲ. ಹಾಗೆಂದು ಮುಸ್ಲಿಮರೆಲ್ಲ ರಜಾಕಾರರಾಗಿದ್ದರೆ? ಭಾರತದಲ್ಲಿ ವಿಲೀನವಾಗಬೇಕೆಂದು ಬರೆಯುತ್ತಿದ್ದ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯಬುಲ್ಲಾ ಖಾನ್ ಅದೇ ವರ್ಷ ಆಗಸ್ಟಿನಲ್ಲಿ ರಜಾಕಾರರಿಂದಲೇ ಕೊಲೆಯಾದರು. ಆ ಹೆಸರನ್ನು ನಮಗೆ ಉರ್ದು ಶಾಲೆಯಲ್ಲೂ ಹೇಳಿಕೊಡಲಿಲ್ಲ, ಕನ್ನಡ ಶಾಲೆಯಲ್ಲೂ ಇಲ್ಲ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 17ರಂದು ನಿಜಾಮರು ಕೈಚೆಲ್ಲಿದರು. ನಾವು ಓದಿದ ಪಾಠ ಅಲ್ಲಿಗೆ ಮುಗಿದಿತ್ತು. ಆಮೇಲಿನ ದಿನಗಳಲ್ಲಿ ಹಳ್ಳಿಗಳಲ್ಲಿ ಏನಾಯಿತೆಂದು ನೋಡಿಬರಲು ನೆಹರೂ ಅವರು ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳಿಸಿದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಅವರು ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿದರು. ಕನಿಷ್ಠವೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಬರೆದರು. ಅದರಲ್ಲಿ 18 ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ - ಈ ನಾಲ್ಕೇ ಜಿಲ್ಲೆಗಳಲ್ಲಿ. ಪ್ರಾಣದ ಹಂಗು ತೊರೆದು ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ಬಗ್ಗೆಯೂ ಅದರಲ್ಲಿದೆ. ಸರ್ದಾರ್ ಪಟೇಲರು ವರದಿಯನ್ನು ಒಪ್ಪಲಿಲ್ಲ. ಸರ್ಕಾರ ಅದನ್ನು ಪ್ರಕಟಿಸಲೂ ಇಲ್ಲ. ನಾವು ಅದನ್ನು ಪೂರ್ತಿ ಓದಿದ್ದು 2013ರಲ್ಲಿ ಎ.ಜಿ. ನೂರಾನಿಯವರ ಪುಸ್ತಕ ಬಂದ ಮೇಲೆ. ಆ ಹೊತ್ತಿಗೆ ನಮ್ಮ ಮನೆಯ ವರದಿಯನ್ನು ಓದಿ ಹತ್ತಿರಹತ್ತಿರ ಹತ್ತು ವರ್ಷವಾಗಿತ್ತು.

ಈ ಭಾಗದ ಹಳೆಯ ಹೊಲದ ಕಾಗದಗಳೆಲ್ಲ ಉರ್ದುವಿನಲ್ಲಿವೆ. ಅಣ್ಣತಮ್ಮಂದಿರ ಪಾಲಿನ ಜಗಳವೆದ್ದರೆ ಜನ ಉರ್ದು ಬಲ್ಲವರನ್ನು ಹುಡುಕಿಕೊಂಡು ಬರುತ್ತಾರೆ. ಉರ್ದು ಓದಿದ್ದಕ್ಕೆ ಊರಿನಲ್ಲಿ ನಮಗೆ ಸಿಗುತ್ತಿದ್ದ ಮರ್ಯಾದೆ ಅದೊಂದೇ ಎನ್ನಿ. 2004ರಲ್ಲಿ ಹಾಗೆ ಬಂದವನು ಅದೇ ಗೌಡರ ಹುಡುಗ, ಈಗ ಸ್ನೇಹಿತ. ತಂದದ್ದು 1358 ಫಸಲಿಯ, ಅಂದರೆ 1948-49ರ ಖರೀದಿ ಪತ್ರ. ಶಿಕಸ್ತಾ ಬರಹ, ಅಕ್ಷರಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಎಂಟು ಎಕರೆ ಮಾರಿದವರು ನಮ್ಮ ದಾದಿ. ಹೆಬ್ಬೆಟ್ಟು ಅವರದೇ. ಹೆಸರಿನ ಮುಂದೆ 'ಬೇವಾ', ವಿಧವೆ, ಎಂದಿತ್ತು. ಗಂಡನ ಹೆಸರು ನಮ್ಮ ದಾದಾ ಅವರದಲ್ಲ, ಅವರ ಅಣ್ಣನದು. ಅಂಥ ಅಣ್ಣನೊಬ್ಬನಿದ್ದ ಎಂಬುದನ್ನೇ ನಾವು ಕೇಳಿರಲಿಲ್ಲ.

ಆ ಸಾಲನ್ನು ಬಿಟ್ಟು ಮುಂದೆ ಓದಿದೆವು. "ಯಾಕ ನಿಂತಿ?" ಎಂದ ಸ್ನೇಹಿತ. ಅಕ್ಷರ ಅಳಿಸಿದೆ ಎಂದೆವು. ಅಬ್ಬಾ ಹುಟ್ಟಿದ್ದು ಪೊಲೀಸ್ ಆಕ್ಷನ್ನಿನ ಮರುಬೇಸಿಗೆಯಲ್ಲಿ ಎಂದು ದಾದಿ ಒಮ್ಮೆ ಬಾಯಿತಪ್ಪಿ ಹೇಳಿದ್ದು ನೆನಪಾಯಿತು. ರಾತ್ರಿ ಹಾಸಿಗೆಯಲ್ಲಿ ಬೆರಳು ಮಡಚಿ ತಿಂಗಳು ಎಣಿಸಿದೆವು.

ದಾದಿ ತೀರಿಕೊಂಡು ಐದು ವರ್ಷವಾಗಿತ್ತು. ಕೇಳಲು ಉಳಿದಿದ್ದವರು ಸ್ನೇಹಿತನ ಅಜ್ಜ, ಗೌಡ ಮುತ್ಯಾ ಒಬ್ಬರೇ. ಅವರು ಬಹಳ ಹೊತ್ತು ಎಲೆ ಅಡಿಕೆ ಅಗಿದರು.

"ಖಾಕಿ ಹಾಕ್ಕೊಂಡು ಜ್ವಾಳಾ ಎತ್ತಲಾಕ ಬರ್ತಿದ್ದ ನಿಮ್ಮ ದೊಡ್ಡ ಮುತ್ಯಾ. ನಮ್ಮ ಬಣವಿಗಿ ಬೆಂಕಿ ಬಿದ್ದಾಗ ಅಲ್ಲೇ ನಿಂತಿದ್ದ. ಹಚ್ಚಿದಂವ ಅಂವೇನೋ, ನಾ ನೋಡಿಲ್ಲ."

"ಹ್ಯಾಂಗ ಸತ್ರು ಮುತ್ಯಾ?"

"ಊರ ಹೊರಗಿನ ಬಾವ್ಯಾಗ ಎರಡು ವರ್ಷ ನಾವು ದನಕ್ಕೂ ನೀರು ಕುಡಿಸಲಿಲ್ಲ. ಯಾರು ಅಂತ ಕೇಳಬ್ಯಾಡ. ಅವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಅದಾರ."

ಅವತ್ತು ಅವರ ತಾಯಿ ನಮ್ಮ ದಾದಿಯನ್ನು ಅಂಗಳದ ಹಗೇವಿನಲ್ಲಿ ಇಳಿಸಿದ್ದರಂತೆ. ಹಗೇವು ಎಂದರೆ ಜೋಳ ತುಂಬುವ ನೆಲಮಾಳಿಗೆಯಂಥ ಗುಂಡಿ. ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆಂದು ತಿಳಿದವರು ದೀಪ ಇಳಿಸಿ ನೋಡದೆ ಇಳಿಯುವುದಿಲ್ಲ. ದೀಪ ಆರಲಿಲ್ಲ. ಬಂಡೆಯನ್ನು ಸ್ವಲ್ಪ ಸರಿಸಿಟ್ಟು ಎರಡು ದಿನ ಕಾಯ್ದರು. ದಾದಿ ಆ ಅಂಗಳಕ್ಕೆ ಹೋದಾಗಲೆಲ್ಲ ಗೋಡೆಗೆ ಹತ್ತಿ ಬಳಸಿ ನಡೆಯುತ್ತಿದ್ದುದು, ಬಾಗಿಲು ಮುಚ್ಚಿದರೆ ಉಸಿರುಗಟ್ಟಿದವರಂತೆ ಎದ್ದು ಕೂರುತ್ತಿದ್ದುದು ನಮಗೆ ಆಗ ಅರ್ಥವಾಯಿತು.

"ಮತ್ತ ಹೊಲ?" ಎಂದೆವು.

"ನಮ್ಮಪ್ಪ ಸೋವಿಯಾಗ ತಗೊಂಡ. ಸುಳ್ಳ್ಯಾಕ ಹೇಳಲಿ," ಎಂದರು ಮುತ್ಯಾ.

ಜೀವ ಉಳಿಸಿದ್ದೂ ಅದೇ ಮನೆ, ಹೊಲ ಅಗ್ಗಕ್ಕೆ ಕೊಂಡದ್ದೂ ಅದೇ ಮನೆ. ಬಣವೆಯ ಪಕ್ಕ ನಿಂತಿದ್ದವನೂ ಬಾವಿಗೆ ಬಿದ್ದವನೂ ಒಬ್ಬನೇ. ಸುಂದರಲಾಲ್ ಸಮಿತಿಯ ಲೆಕ್ಕವನ್ನು ಓದುವಾಗಲೆಲ್ಲ ಅದರಲ್ಲಿ ಬಡೇ ದಾದಾ ಒಬ್ಬರು ಎಂದುಕೊಳ್ಳುತ್ತೇವೆ. ಗೋರ್ಟಾದ ಹೆಸರು ಕೇಳಿದಾಗಲೂ ಅವರೇ ಕಣ್ಣಮುಂದೆ ಬರುತ್ತಾರೆ. ಶಾಲೆಯ ಹುಡುಗ ನಮ್ಮ ಮನೆಯ ಮಟ್ಟಿಗೆ ತೀರಾ ಸುಳ್ಳು ಹೇಳಿರಲಿಲ್ಲ. ಮಾಸ್ತರರ 'ನಿಮ್ಮ' ಮಾತ್ರ ಅಂದೂ ಸುಳ್ಳು, ಇಂದೂ ಸುಳ್ಳು.

ಅಬ್ಬಾಗೆ ಏನೂ ಹೇಳಲಿಲ್ಲ. ಕೆಲವು ದಿನಗಳ ನಂತರ ಅವರೇ, "ಗೌಡರ ಕಾಗದದಲ್ಲಿ ಏನಿತ್ತು?" ಎಂದು ಕೇಳಿದರು. ಹೊಲದ ಚಕ್ಕುಬಂದಿ ಎಂದೆವು.

ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂಡಣಕ್ಕೆ ಹುಣಸೆಮರ ಬರೆದಿದ್ದಾರೇನು?" ಎಂದರು.