ಎಲೆಕ್ಟ್ರಾನಿಕ್ಸ್ ಘಟಕಗಳಲ್ಲಿ ಸುರಕ್ಷಿತ ಶುಚಿಕಾರಕಗಳ ಬಳಕೆ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಇನ್ವರ್ಟರ್, ಸ್ಟೆಬಿಲೈಸರ್, ಸೌರದೀಪ ಮುಂತಾದ ಉಪಕರಣಗಳ ಸರ್ಕ್ಯೂಟ್ ಬೋರ್ಡ್‌ಗಳಿಗೆ ಬಿಡಿಭಾಗಗಳನ್ನು ಬೆಸುಗೆ ಹಾಕಿದ ನಂತರ ಫ್ಲಕ್ಸ್ ಎಂಬ ಅಂಟು ಪದಾರ್ಥದ ಶೇಷವು ಬೋರ್ಡಿನ ಮೇಲೆ ಉಳಿಯುತ್ತದೆ. ಕೆಲವು ಬಗೆಯ ಶೇಷವು ಗಾಳಿಯ ತೇವಾಂಶವನ್ನು ಹೀರಿಕೊಂಡು ತಾಮ್ರದ ಗೆರೆಗಳನ್ನು ಸವೆಸುತ್ತದೆ. ಆಗುಂಬೆಯನ್ನು ಒಳಗೊಂಡ ಈ ಮಳೆ ಪ್ರದೇಶದಲ್ಲಿ ಬೋರ್ಡ್‌ಗಳನ್ನು ಶುಚಿಗೊಳಿಸುವ ಅಗತ್ಯವು ಬಯಲುಸೀಮೆಗಿಂತ ಹೆಚ್ಚಾಗಿರುತ್ತದೆ. ಆದುದರಿಂದ ಘಟಕ ಸ್ಥಾಪಿಸಲು ಇಚ್ಛಿಸುವವರು ಯಾವ ಶುಚಿಕಾರಕವನ್ನು ಬಳಸಬೇಕು ಎಂಬುದನ್ನು ಅರ್ಜಿ ಸಲ್ಲಿಸುವ ಮೊದಲೇ ನಿರ್ಧರಿಸುವುದು ಸೂಕ್ತ.

2. ಹಿನ್ನೆಲೆ

ಬಹುಕಾಲ ಬೋರ್ಡ್‌ಗಳ ಶುಚಿಗಾಗಿ ಸಿಎಫ್‌ಸಿ-113 ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್ ಬಳಕೆಯಲ್ಲಿದ್ದವು. ಇವು ಓಝೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ ಬಂದವು. ಭಾರತವು 1992ರಲ್ಲಿ ಈ ಒಪ್ಪಂದಕ್ಕೆ ಸೇರಿತು; 2000ನೇ ಇಸವಿಯಲ್ಲಿ ನಿಯಂತ್ರಣ ನಿಯಮಗಳು ಜಾರಿಗೆ ಬಂದು, 2010ರ ವೇಳೆಗೆ ಶುಚಿಕಾರ್ಯದಲ್ಲಿ ಇವುಗಳ ಬಳಕೆ ಕೊನೆಗೊಂಡಿತು.

ಬದಲಿಯಾಗಿ ಬಂದ ಎಲ್ಲ ದ್ರಾವಕಗಳೂ ಸುರಕ್ಷಿತವಲ್ಲ. 2009ರಲ್ಲಿ ಚೀನಾದ ಸುಝೌ ನಗರದ ಕಾರ್ಖಾನೆಯೊಂದರಲ್ಲಿ, ಬೇಗ ಆರುತ್ತದೆ ಎಂಬ ಕಾರಣಕ್ಕೆ ಮೊಬೈಲ್ ಪರದೆ ಒರೆಸಲು ಆಲ್ಕೋಹಾಲ್ ಬದಲು ಎನ್-ಹೆಕ್ಸೇನ್ ಬಳಸಲಾಯಿತು. ಇದರ ಆವಿಯು ನರಗಳಿಗೆ ಹಾನಿಕರ. ಅಲ್ಲಿ 137 ಕಾರ್ಮಿಕರು ಅಸ್ವಸ್ಥರಾದರು. ಕೈಕಾಲು ಮರಗಟ್ಟುವುದು ಹಾಗೂ ನಿಶ್ಶಕ್ತಿ ಮುಖ್ಯ ಲಕ್ಷಣಗಳಾಗಿದ್ದವು. ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು.

3. ಜಲಮೂಲಗಳ ರಕ್ಷಣೆ

ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಮೂಲಕ ಹರಿದು ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಜಲಾಶಯವನ್ನು ಸೇರುತ್ತದೆ. ತೀರ್ಥಹಳ್ಳಿ ಪಟ್ಟಣದ ಬದಿಯಲ್ಲೇ ತುಂಗಾ ನದಿ ಹರಿಯುತ್ತದೆ. ಗ್ರಾಮಗಳಲ್ಲಿ ಅನೇಕ ಕುಟುಂಬಗಳು ತೆರೆದ ಬಾವಿಯ ನೀರನ್ನೇ ಕುಡಿಯುತ್ತವೆ. ಜಂಬಿಟ್ಟಿಗೆ ನೆಲವು ನೀರನ್ನು ಸುಲಭವಾಗಿ ಒಳಕ್ಕೆ ಬಿಡುತ್ತದೆ.

ಟ್ರೈಕ್ಲೋರೋಎಥಿಲೀನ್‌ನಂತಹ ಕ್ಲೋರಿನ್‌ಯುಕ್ತ ದ್ರಾವಕಗಳು ನೀರಿಗಿಂತ ಭಾರವಾಗಿದ್ದು, ನೆಲಕ್ಕೆ ಚೆಲ್ಲಿದರೆ ಅಂತರ್ಜಲದ ತಳಕ್ಕೆ ಇಳಿದು ವರ್ಷಗಟ್ಟಲೆ ಉಳಿಯಬಲ್ಲವು. 1981ರಲ್ಲಿ ಅಮೆರಿಕದ ಸ್ಯಾನ್ ಹೋಸೆ ನಗರದಲ್ಲಿ ಸೆಮಿಕಂಡಕ್ಟರ್ ಕಾರ್ಖಾನೆಯೊಂದರ ನೆಲದಡಿಯ ತೊಟ್ಟಿಯಿಂದ ಸೋರಿದ ದ್ರಾವಕವು ಕುಡಿಯುವ ನೀರಿನ ಬಾವಿಯಲ್ಲಿ ಪತ್ತೆಯಾಯಿತು. ಆದ್ದರಿಂದ ಬಳಸಿದ ದ್ರಾವಕವನ್ನು ಚರಂಡಿ, ಹಿತ್ತಲು ಅಥವಾ ಇಂಗುಗುಂಡಿಗೆ ಸುರಿಯಬಾರದು.

4. ಆಯ್ಕೆಯ ಕ್ರಮ

ಅರ್ಜಿದಾರರು ಕೆಳಕಂಡ ಕ್ರಮದಲ್ಲಿ ಪರಿಶೀಲಿಸುವುದು:

(ಅ) ತೊಳೆಯುವ ಅಗತ್ಯವಿಲ್ಲದ, ಅಲ್ಪ ಶೇಷದ ಫ್ಲಕ್ಸ್ ಬಳಸಲು ಸಾಧ್ಯವೇ ಎಂದು ನೋಡುವುದು. ಬಳಸದ ಶುಚಿಕಾರಕದಿಂದ ಅಪಾಯವಿಲ್ಲ.

(ಆ) ತೊಳೆಯಲೇಬೇಕಾದಲ್ಲಿ ನೀರಿನಲ್ಲಿ ಕರಗುವ ಫ್ಲಕ್ಸ್ ಅಥವಾ ಜಲಾಧಾರಿತ ಶುಚಿಕಾರಕ. ಕೊನೆಯ ಜಾಲನಕ್ಕೆ ಲವಣರಹಿತ ನೀರು ಅಗತ್ಯ. ತೊಳೆದ ನೀರಿನಲ್ಲಿ ಸೀಸ, ತವರ ಇರಬಹುದಾದ್ದರಿಂದ ಅದಕ್ಕೆ ಸಂಸ್ಕರಣೆ ಬೇಕು.

(ಇ) ಸಣ್ಣ ಪ್ರಮಾಣದ ಕೆಲಸಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್. ಇದರ ಆವಿಯು ಸುಮಾರು 12 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಬೆಸುಗೆ ಸಲಾಕೆಯನ್ನು ದೂರವಿಟ್ಟು, ಗಾಳಿಯಾಡುವ ಸ್ಥಳದಲ್ಲಿ ಬಳಸತಕ್ಕದ್ದು.

ಪೆಟ್ರೋಲ್ ಮತ್ತು ಥಿನ್ನರ್ ಬಳಕೆಯನ್ನು ದುರಸ್ತಿ ಅಂಗಡಿಗಳೂ ಕೈಬಿಡುವುದು ಒಳಿತು. ರೇಷ್ಮೆ ಮತ್ತು ಆಭರಣ ತೊಳೆಯಲು ಮಲೆನಾಡಿನಲ್ಲಿ ರೂಢಿಯಲ್ಲಿರುವ ಅಂಟುವಾಳದ ನೊರೆಯು ಉಪಕರಣಗಳ ಹೊರಕವಚ ಒರೆಸಲು ಉಪಯುಕ್ತ. ಬೋರ್ಡ್‌ಗಳ ಮೇಲೆ ಅದು ತನ್ನದೇ ಶೇಷವನ್ನು ಬಿಡುವುದರಿಂದ ಸೂಕ್ತವಲ್ಲ. ನೈಸರ್ಗಿಕ ಅಥವಾ ಹಸಿರು ಎಂಬ ಹೆಸರನ್ನು ಮಾತ್ರ ನಂಬದೆ, ಮಾರಾಟಗಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯುವುದು.

5. ಅರ್ಜಿ ಸಲ್ಲಿಸುವವರ ಗಮನಕ್ಕೆ

ಘಟಕವು ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಪ್ರಾದೇಶಿಕ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು. ಸಮ್ಮತಿ ಅಗತ್ಯವಿರುವ ಘಟಕಗಳು 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯನ್ವಯ ಸ್ಥಾಪನಾ ಸಮ್ಮತಿಯನ್ನೂ, ಉತ್ಪಾದನೆಗೆ ಮುನ್ನ ಕಾರ್ಯಾಚರಣೆ ಸಮ್ಮತಿಯನ್ನೂ ಪಡೆಯತಕ್ಕದ್ದು. ಶುಚಿಕಾರಕದ ಹೆಸರು, ತಿಂಗಳ ಬಳಕೆಯ ಪ್ರಮಾಣ, ಹತ್ತಿರದ ಬಾವಿ ಅಥವಾ ಹಳ್ಳದ ದೂರ ಮತ್ತು ತ್ಯಾಜ್ಯ ವಿಲೇವಾರಿಯ ವಿಧಾನವನ್ನು ಮೊದಲೇ ಬರೆದಿಟ್ಟುಕೊಂಡಲ್ಲಿ ಅರ್ಜಿಯ ಪರಿಶೀಲನೆಗೆ ಅನುಕೂಲವಾಗುತ್ತದೆ.

ಕೈಗಾರಿಕಾ ಬಳಕೆಯ ನಂತರದ ದ್ರಾವಕಗಳು 2016ರ ಅಪಾಯಕಾರಿ ಮತ್ತು ಇತರೆ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಮುಚ್ಚಳವಿರುವ, ಹೆಸರು ಬರೆದ ಡಬ್ಬಿಗಳಲ್ಲಿ ಮಳೆನೀರು ತಾಗದಂತೆ ಇರಿಸಿ, ಸಾಮಾನ್ಯವಾಗಿ 90 ದಿನಗಳ ಒಳಗೆ ಅಧಿಕೃತ ವಿಲೇವಾರಿ ಸಂಸ್ಥೆಗೆ ಒಪ್ಪಿಸತಕ್ಕದ್ದು. ಕಲುಷಿತಗೊಂಡ ಬಾವಿಯನ್ನು ಸರಿಪಡಿಸುವುದಕ್ಕಿಂತ ಸರಿಯಾದ ಶುಚಿಕಾರಕವನ್ನು ಆರಂಭದಲ್ಲೇ ಆಯ್ದುಕೊಳ್ಳುವುದು ಸುಲಭ ಮತ್ತು ಮಿತವ್ಯಯಕರ.