ಸರಕಾರಿ ಶಾಲೆಗಾಗಿ ನಾಗರಿಕರ ದನಿ: ಕುಂದಾಪುರದ ಕಾಲುಸಂಕದಿಂದ ವಿಧಾನಸೌಧದವರೆಗೆ

ಕೊಕ್ಕರ್ಣೆ: ಸರಕಾರಿ ಶಾಲೆಯ ಸುಧಾರಣೆ ಎಂದೊಡನೆ ಸಚಿವರು, ಆಯೋಗಗಳು ಮತ್ತು ಸುತ್ತೋಲೆಗಳು ನೆನಪಾಗುತ್ತವೆ. ಆದರೆ ಕರ್ನಾಟಕದಲ್ಲಿ ಕಳೆದ ಮೂರು ದಶಕಗಳಲ್ಲಿ ಜಾರಿಗೆ ಬಂದ ಕೆಲವು ಮುಖ್ಯ ಬದಲಾವಣೆಗಳ ಹಿಂದೆ ಸಂಬಳವಿಲ್ಲದೆ ದುಡಿದ ಪೋಷಕರು, ಹಳೆ ವಿದ್ಯಾರ್ಥಿಗಳು, ಸ್ವಯಂಸೇವಾ ಸಂಘಟನೆಗಳು ಹಾಗೂ ಸ್ವತಃ ಮಕ್ಕಳ ಪರಿಶ್ರಮವಿದೆ. ಇಂದಿನ ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ತಾಲೂಕುಗಳ ಸೀಮೆ ಈ ಚರಿತ್ರೆಯಲ್ಲಿ ಪ್ರತ್ಯೇಕ ಸ್ಥಾನ ಪಡೆದಿದೆ.

ಹಿನ್ನೆಲೆ

ಬ್ರಹ್ಮಾವರ ತಾಲೂಕಿನ ಒಳನಾಡಿನ ಪೇಟೆಯಾದ ಕೊಕ್ಕರ್ಣೆಯಿಂದ ಘಟ್ಟದ ತಪ್ಪಲಿನವರೆಗೆ ಊರುಗಳ ಸ್ವರೂಪ ಬಯಲುಸೀಮೆಯದಲ್ಲ. ಇಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ ಗದ್ದೆ, ತೋಟ, ಹಾಡಿಗಳ ನಡುವೆ ಚದುರಿಕೊಂಡಿವೆ. ನಡುವೆ ಹಳ್ಳ, ತೋಡು, ಹೊಳೆಗಳು. ಆದುದರಿಂದಲೇ ಈ ಭಾಗದಲ್ಲಿ ಚಿಕ್ಕ ಚಿಕ್ಕ ಶಾಲೆಗಳು ಬೆಳೆದವು. ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಅನೇಕ ಪ್ರಾಥಮಿಕ ಶಾಲೆಗಳನ್ನು ಊರ ಗಣ್ಯರು ಇಲ್ಲವೆ ಶಿಕ್ಷಕರೇ ಆರಂಭಿಸಿ ಅನುದಾನ ಪಡೆದು ನಡೆಸಿದರು. ಶಾಲೆ ಊರಿನದು ಎಂಬ ಭಾವನೆ ಕರಾವಳಿಯಲ್ಲಿ ಗಾಢವಾಗಿರಲು ಇದೊಂದು ಕಾರಣ. ಶಾಲಾ ವಾರ್ಷಿಕೋತ್ಸವಕ್ಕೆ ಮುಂಬಯಿ, ಬೆಂಗಳೂರಿನಿಂದ ಹಳೆ ವಿದ್ಯಾರ್ಥಿಗಳು ಮರಳುವ ಪರಿಪಾಠ ಇಂದಿಗೂ ಉಳಿದಿದೆ.

ಮಕ್ಕಳೇ ಎತ್ತಿದ ಪ್ರಶ್ನೆ

ರಾಜ್ಯವ್ಯಾಪಿ ಪರಿಣಾಮ ಬೀರಿದ ಮೊದಲ ಪ್ರಯೋಗ ಅವಿಭಜಿತ ಕುಂದಾಪುರ ತಾಲೂಕಿನದು. ದುಡಿಯುವ ಮಕ್ಕಳ ಪರವಾಗಿ ಕೆಲಸ ಮಾಡುತ್ತಿರುವ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯು 1990ರ ದಶಕದಲ್ಲಿ ಇಲ್ಲಿ 'ಮಕ್ಕಳ ಪಂಚಾಯತ್'ಗಳನ್ನು ರೂಪಿಸಿತು. ದುಡಿಯುವ ಮಕ್ಕಳದೇ ಸಂಘಟನೆಯಾದ 'ಭೀಮ ಸಂಘ' ಇದಕ್ಕೆ ಜೊತೆಯಾಯಿತು. ಕುಂದಾಪುರ ಬಳಿಯ ಕನ್ಯಾನದಲ್ಲಿರುವ 'ನಮ್ಮ ಭೂಮಿ' ಈ ಕಾರ್ಯದ ಕೇಂದ್ರವಾಯಿತು.

ಮಕ್ಕಳ ಪಂಚಾಯತ್‌ನ ಸದಸ್ಯರನ್ನು ಮಕ್ಕಳೇ ಚುನಾಯಿಸುತ್ತಿದ್ದರು. ಹಿರಿಯರ ಗ್ರಾಮ ಪಂಚಾಯತ್‌ನೊಂದಿಗೆ ವ್ಯವಹರಿಸಲು 'ಮಕ್ಕಳ ಮಿತ್ರ'ರೆಂಬ ಹಿರಿಯರು ನೆರವಾಗುತ್ತಿದ್ದರು. ಮಕ್ಕಳು ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿ, ಅಂಕಿಅಂಶಗಳನ್ನು ಮುಂದಿಟ್ಟುಕೊಂಡೇ ಬೇಡಿಕೆ ಮಂಡಿಸುತ್ತಿದ್ದುದು ಈ ಪ್ರಯೋಗದ ವೈಶಿಷ್ಟ್ಯ. ಮಕ್ಕಳು ಶಾಲೆ ಬಿಡಲು ಬಡತನವೊಂದೇ ಕಾರಣವಲ್ಲ. ದೂರದ ದಾರಿ, ಮಳೆಗಾಲದಲ್ಲಿ ದಾಟಲಾಗದ ತೋಡು, ನೀರು ಸೌದೆ ತರುವ ಹೊಣೆ, ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸಗಳೂ ಕಾರಣ ಎಂಬುದು ಇಂತಹ ಸಮೀಕ್ಷೆಗಳಿಂದ ಸ್ಪಷ್ಟವಾಯಿತು.

ಬಳಿಕ ತಾಲೂಕಿನ 56 ಗ್ರಾಮ ಪಂಚಾಯತ್‌ಗಳ ಮಕ್ಕಳು ತಮ್ಮ ಊರಿನ ಪಂಚವಾರ್ಷಿಕ ಯೋಜನೆಗೆ ಬೇಡಿಕೆಗಳನ್ನು ಸಿದ್ಧಪಡಿಸಿದರು. ಈ ಅನುಭವದ ಆಧಾರದ ಮೇಲೆ 2006ರಲ್ಲಿ ರಾಜ್ಯ ಸರಕಾರವು ಎಲ್ಲ ಗ್ರಾಮ ಪಂಚಾಯತ್‌ಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಶೌಚಾಲಯವಿಲ್ಲದ ಶಾಲೆ, ಶಿಕ್ಷಕರಿಲ್ಲದ ತರಗತಿ, ಬಸ್ಸಿಲ್ಲದ ದಾರಿಯ ಕುರಿತು ಇಂದು ಯಾವುದೇ ಜಿಲ್ಲೆಯ ಮಗು ಅಧಿಕಾರಿಗಳೆದುರು ನಿಂತು ಪ್ರಶ್ನಿಸುವ ವೇದಿಕೆಯ ಬೇರು ಕುಂದಾಪುರದಲ್ಲಿದೆ.

ಪೋಷಕರಿಗೆ ದೊರೆತ ಅಧಿಕಾರ

ಎರಡನೆಯ ಧಾರೆ ಪೋಷಕರದು. ವಿಜ್ಞಾನಿ ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಸರಕಾರವು ಪ್ರತಿ ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ರಚಿಸಲು ಆದೇಶಿಸಿತು. ಅದುವರೆಗೆ ಇದ್ದ ಗ್ರಾಮ ಶಿಕ್ಷಣ ಸಮಿತಿಗಳ ಬದಲಿಗೆ, ಶಾಲೆಯಲ್ಲಿ ಓದುತ್ತಿರುವ ಮಕ್ಕಳ ಪೋಷಕರಿಗೇ ಮೇಲ್ವಿಚಾರಣೆಯ ಹಕ್ಕು ಬಂದಿತು.

ಈ ಸಮಿತಿಗಳು ಒಂಟಿಯಾಗಿ ಉಳಿಯದಂತೆ ಅವುಗಳನ್ನು ಗ್ರಾಮ ಪಂಚಾಯತ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಜೋಡಿಸುವ ಕೆಲಸವನ್ನು 'ಎಸ್‌ಡಿಎಂಸಿ ಸಮನ್ವಯ ವೇದಿಕೆ' ಕೈಗೊಂಡಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಗು ಮತ್ತು ಕಾನೂನು ಕೇಂದ್ರದಲ್ಲಿದ್ದ ಶಿಕ್ಷಣ ತಜ್ಞ ಡಾ. ವಿ.ಪಿ. ನಿರಂಜನಾರಾಧ್ಯ ಇದರ ಪ್ರಮುಖ ಮಾರ್ಗದರ್ಶಕರು. ಕೂಲಿ ಕೆಲಸ ಬಿಟ್ಟು ಸಭೆಗೆ ಬರುವ ತಂದೆ ತಾಯಿಯರೇ ಈ ಜಾಲದ ಬಲ.

2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 21ನೇ ಸೆಕ್ಷನ್ ಶಾಲಾ ನಿರ್ವಹಣಾ ಸಮಿತಿಗೆ ಶಾಸನದ ಬೆಂಬಲ ನೀಡಿತು. ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾಭಿವೃದ್ಧಿ ಯೋಜನೆ ಸಿದ್ಧಪಡಿಸುವುದು 22ನೇ ಸೆಕ್ಷನ್ ಪ್ರಕಾರ ಸಮಿತಿಯ ಕರ್ತವ್ಯ.

ಕರಾವಳಿಯ ಮಾದರಿಗಳು

ಮೂರನೆಯ ಧಾರೆ ಊರವರು ಮತ್ತು ಹಳೆ ವಿದ್ಯಾರ್ಥಿಗಳದು. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಜೀವನ ಸಾಗಿಸುತ್ತಿದ್ದ ಹರೇಕಳ ಹಾಜಬ್ಬ ತಮ್ಮೂರಾದ ನ್ಯೂಪಡ್ಪುವಿಗೆ ಸರಕಾರಿ ಶಾಲೆ ತಂದ ಕಥೆ ನಾಡಿಗೆಲ್ಲ ತಿಳಿದದ್ದು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಬಂಟ್ವಾಳ ತಾಲೂಕಿನ ದಡ್ಡಲಕಾಡಿನ ಸರಕಾರಿ ಶಾಲೆಯನ್ನು ಕರೆಂಕಿಯ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ ದತ್ತು ಪಡೆದು ಪುನಶ್ಚೇತನಗೊಳಿಸಿತು. ಅಲ್ಲಿಂದಲೇ 'ಸರಕಾರಿ ಶಾಲೆ ಉಳಿಸಿ ಬೆಳೆಸಿ' ಎಂಬ ಕೂಗು ರಾಜ್ಯಮಟ್ಟದ ಆಂದೋಲನದ ರೂಪ ಪಡೆಯಿತು.

ಕುಂದಾಪುರ ತಾಲೂಕಿನ ಕೆರಾಡಿಯವರಾದ ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಚಿತ್ರ 2018ರಲ್ಲಿ ತೆರೆಕಂಡು, ಮುಚ್ಚುವ ಭೀತಿಯಲ್ಲಿರುವ ಗಡಿನಾಡ ಕನ್ನಡ ಶಾಲೆಯ ಸಂಕಟವನ್ನು ನಗರದ ಪ್ರೇಕ್ಷಕರಿಗೂ ತಲುಪಿಸಿತು. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು.

ಕರಾವಳಿಯ ಹಲವು ಶಾಲೆಗಳಲ್ಲಿ ದಾನಿಗಳು ಗೌರವ ಶಿಕ್ಷಕರಿಗೆ ಸಂಭಾವನೆ ನೀಡುತ್ತಾರೆ. ಕೆಲವೆಡೆ ಊರವರೇ ಶಾಲಾ ವಾಹನದ ವೆಚ್ಚ ಭರಿಸುತ್ತಾರೆ. ಇದು ಶ್ಲಾಘನೀಯವಾದರೂ ಇದರಲ್ಲೊಂದು ಅಪಾಯವಿದೆ. ದಾನಿಗಳಿರುವ ಊರಿನ ಶಾಲೆ ಬೆಳೆದು, ದಾನಿಗಳಿಲ್ಲದ ಊರಿನ ಶಾಲೆ ಸೊರಗಿದರೆ ಸಮಾನತೆಗೆ ಅರ್ಥವಿಲ್ಲ. ಆದುದರಿಂದಲೇ ದಾನಕ್ಕಿಂತ ನೀತಿಯ ಬದಲಾವಣೆ ಮುಖ್ಯವೆಂಬುದು ರಾಜ್ಯಮಟ್ಟದ ಹೋರಾಟಗಾರರ ನಿಲುವು. 1964-66ರ ಕೊಠಾರಿ ಆಯೋಗ ಪ್ರತಿಪಾದಿಸಿದ ಸಮಾನ ಶಾಲಾ ವ್ಯವಸ್ಥೆಯೇ ಇವರ ಮೂಲ ಬೇಡಿಕೆ.

ವಿಲೀನವೆಂಬ ವಿವಾದ

ನಾಗರಿಕ ಸಂಘಟನೆಗಳಿಗೂ ಸರಕಾರಕ್ಕೂ ಪದೇ ಪದೇ ಘರ್ಷಣೆ ನಡೆದಿರುವುದು ಕಡಿಮೆ ಮಕ್ಕಳಿರುವ ಶಾಲೆಗಳ ವಿಲೀನದ ವಿಷಯದಲ್ಲಿ. ಹತ್ತು ಹನ್ನೆರಡು ಮಕ್ಕಳಿಗಾಗಿ ಒಂದು ಶಾಲೆ ನಡೆಸಿದರೆ ತರಗತಿಗೊಬ್ಬ ಶಿಕ್ಷಕರನ್ನು ಕೊಡಲಾಗದು, ದೊಡ್ಡ ಶಾಲೆಯಲ್ಲಿ ಗ್ರಂಥಾಲಯ, ಪ್ರಯೋಗಾಲಯ, ಆಟದ ಬಯಲು ಒದಗಿಸಬಹುದು ಎಂಬುದು ವಿಲೀನದ ಪರವಾದ ವಾದ. ಇದನ್ನು ತಳ್ಳಿಹಾಕುವಂತಿಲ್ಲ. ಒಂದರಿಂದ ಹನ್ನೆರಡನೇ ತರಗತಿಯವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳ ಯೋಜನೆ ಈ ಚಿಂತನೆಗೆ ಹತ್ತಿರವಾದುದು.

ಪ್ರತಿವಾದ ದಾರಿಯದು. ರಾಜ್ಯದ ನಿಯಮಗಳಂತೆ ಐದನೇ ತರಗತಿಯವರೆಗಿನ ಮಗುವಿಗೆ 1 ಕಿ.ಮೀ., ಆರರಿಂದ ಎಂಟನೇ ತರಗತಿಯವರಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಪ್ರವಾಹ, ಭೂಕುಸಿತ, ರಸ್ತೆಯಿಲ್ಲದಿರುವಿಕೆಯಂತಹ ಅಪಾಯವಿರುವಲ್ಲಿ ಈ ಅಂತರವನ್ನು ಇನ್ನೂ ತಗ್ಗಿಸಬೇಕೆಂದು ಕೇಂದ್ರದ 2010ರ ಮಾದರಿ ನಿಯಮಗಳು ಹೇಳುತ್ತವೆ. ನಕ್ಷೆಯ ಮೇಲೆ ಒಂದು ಕಿಲೋಮೀಟರ್ ಎಂದು ಕಾಣುವ ದಾರಿ ಆಷಾಢದಲ್ಲಿ ಬೇರೆಯೇ ಆಗಿರುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ತುಂಬಿ ಹರಿಯುತ್ತಿದ್ದ ನೀರಿಗೆ ಬಿದ್ದು ಮೃತಪಟ್ಟಳು. ಆ ಬಳಿಕ ಜಿಲ್ಲೆಯ ಕಾಲುಸಂಕಗಳ ಸ್ಥಿತಿ ರಾಜ್ಯದ ಗಮನಕ್ಕೆ ಬಂದಿತು. ಅದೇ ಸೀಮೆಯ ಮಕ್ಕಳು ತಮ್ಮ ಪಂಚಾಯತ್‌ಗಳಲ್ಲಿ ಇದೇ ಕಾಲುಸಂಕಗಳ ಕುರಿತು ಎಷ್ಟೋ ವರ್ಷಗಳ ಹಿಂದೆಯೇ ಹೇಳಿದ್ದರೆಂಬುದು ನೆನಪಿಡಬೇಕಾದ ಸಂಗತಿ.

ಭಾಷೆ ಮತ್ತು ನೀತಿ

ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಕಡ್ಡಾಯಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2014ರ ಮೇ 6ರಂದು ತೀರ್ಪು ನೀಡಿತು. ಇದರಿಂದ ಕನ್ನಡ ಶಾಲೆಗಳ ಉಳಿವು ಕಡ್ಡಾಯದ ಆದೇಶಕ್ಕಿಂತ ಹೆಚ್ಚಾಗಿ ಶಾಲೆಯ ಗುಣಮಟ್ಟವನ್ನೇ ಅವಲಂಬಿಸುವಂತಾಯಿತು. ಪ್ರೊ. ಎಸ್.ಜಿ. ಸಿದ್ಧರಾಮಯ್ಯ ಅಧ್ಯಕ್ಷರಾಗಿದ್ದಾಗ ಕನ್ನಡ ಅಭಿವೃದ್ಧಿ ಪ್ರಾಧಿಕಾರವು 2017ರಲ್ಲಿ ಸರಕಾರಿ ಶಾಲೆಗಳ ಸಬಲೀಕರಣ ವರದಿ ಸಲ್ಲಿಸಿದ್ದು ಈ ಹಿನ್ನೆಲೆಯಲ್ಲಿ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿ, ಕನಿಷ್ಠ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಬೋಧನೆ ಹಾಗೂ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿತು.

ನಾಗರಿಕರು ಏನು ಮಾಡಬಹುದು?

1. ಪೋಷಕರು ಎಸ್‌ಡಿಎಂಸಿ ರಚನೆಯ ಸಭೆಯಲ್ಲಿ ತಪ್ಪದೆ ಭಾಗವಹಿಸಬಹುದು. ಸಮಿತಿ ಪೋಷಕರದ್ದಾಗಿರಬೇಕೆಂಬುದು ಕಾಯಿದೆಯ ಆಶಯ.

2. ಶಾಲಾಭಿವೃದ್ಧಿ ಯೋಜನೆಯನ್ನು ಬರಹರೂಪದಲ್ಲಿ ಸಿದ್ಧಪಡಿಸುವಂತೆ ಸಮಿತಿಯನ್ನು ಒತ್ತಾಯಿಸಬಹುದು. ಶಿಕ್ಷಕರ ಕೊರತೆ, ಕಟ್ಟಡ, ಶೌಚಾಲಯದ ಬೇಡಿಕೆಗಳು ಅದರಲ್ಲಿ ದಾಖಲಾಗಬೇಕು.

3. ಮಕ್ಕಳ ಗ್ರಾಮಸಭೆ ವರ್ಷಂಪ್ರತಿ ನಡೆಯುತ್ತಿದೆಯೇ, ಹಿಂದಿನ ವರ್ಷದ ಬೇಡಿಕೆಗೆ ಪಂಚಾಯತ್ ಕೊಟ್ಟ ಉತ್ತರವೇನು ಎಂದು ಕೇಳಬಹುದು.

4. ವಿಲೀನದ ಪ್ರಸ್ತಾಪ ಬಂದಾಗ ದೂರವನ್ನು ಮಳೆಗಾಲದ ದಾರಿಯಲ್ಲಿ ನಡೆದೇ ಅಳೆಯುವಂತೆ ಅಧಿಕಾರಿಗಳನ್ನು ಕೋರಬಹುದು.

5. ನಗರಗಳಲ್ಲಿ ನೆಲೆಸಿರುವ ಹಳೆ ವಿದ್ಯಾರ್ಥಿಗಳು ದೇಣಿಗೆಯ ಜೊತೆಗೆ ಶಿಕ್ಷಕರ ನೇಮಕದಂತಹ ಬೇಡಿಕೆಗಳಿಗೂ ದನಿಗೂಡಿಸಬಹುದು. ಕಟ್ಟಡವನ್ನು ದಾನಿಗಳು ಕಟ್ಟಿಸಿಯಾರು, ಕಾಯಂ ಶಿಕ್ಷಕರನ್ನು ಸರಕಾರವೇ ಕೊಡಬೇಕು.

ನಾಗರಿಕರ ಒತ್ತಾಸೆಯಿಂದ ಬಂದ ಆದೇಶಗಳು ಕಡತದಲ್ಲಿ ಉಳಿಯದೆ ಶಾಲೆಯ ಜಗಲಿಗೆ ತಲುಪಬೇಕಾದರೆ ಅದೇ ನಾಗರಿಕರು ಕಾವಲು ಮುಂದುವರಿಸಬೇಕಾಗುತ್ತದೆ. ಕುಂದಾಪುರದ ಮಕ್ಕಳು ಸಮೀಕ್ಷೆಯ ಹಾಳೆ ಹಿಡಿದು ಮನೆಮನೆ ಸುತ್ತಿದಾಗ ಮಾಡಿದ್ದು ಇದೇ ಕೆಲಸವನ್ನು.